ಅಶೋಕನ ಲಿಪಿ ಓದಿದವನು ಕುಲುಮೆಯ ಕಾವನ್ನೂ ಅಳೆದಿದ್ದ

ಜೇಮ್ಸ್ ಪ್ರಿನ್ಸೆಪ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಬ್ರಾಹ್ಮಿ ಲಿಪಿ. ಶತಮಾನಗಳ ಕಾಲ ಯಾರೂ ಓದಲಾಗದೆ ಕಂಬಗಳ ಮೇಲೆ, ಬಂಡೆಗಳ ಮೇಲೆ ಮೂಕವಾಗಿದ್ದ ಅಕ್ಷರಗಳಿಗೆ 1837ರಲ್ಲಿ ಬಾಯಿ ಬರಿಸಿದವನು ಆತ. ಪಠ್ಯಪುಸ್ತಕಗಳು ಅಷ್ಟನ್ನು ಹೇಳಿ ಮುಂದೆ ಹೋಗುತ್ತವೆ. ಆದರೆ ಈತ ಭಾಷಾಶಾಸ್ತ್ರಜ್ಞನಲ್ಲ, ಸಂಸ್ಕೃತ ಪಂಡಿತನೂ ಅಲ್ಲ. ಹೊಟ್ಟೆಪಾಡಿಗಾಗಿ ಮಾಡುತ್ತಿದ್ದುದು ಟಂಕಸಾಲೆಯ ಕೆಲಸ. ನಾಣ್ಯದಲ್ಲಿ ಬೆಳ್ಳಿ ಎಷ್ಟು, ಬೆರಕೆ ಎಷ್ಟು ಎಂದು ಕುಲುಮೆಯ ಮುಂದೆ ಕುಳಿತು ನಿರ್ಣಯಿಸುವ ಉದ್ಯೋಗ. ಆ ಉದ್ಯೋಗದಲ್ಲಿದ್ದಾಗ, ಕಾಶಿಯಲ್ಲಿ, ಅಂದಿನ ಯೂರೋಪಿನ ವಿಜ್ಞಾನಿಗಳನ್ನು ಕಾಡುತ್ತಿದ್ದ ಒಂದು ಪ್ರಶ್ನೆಗೆ ಆತ ಕಂಡುಕೊಂಡ ಉತ್ತರ ಇತಿಹಾಸದ ಅಡಿಟಿಪ್ಪಣಿಗಳಲ್ಲಿ ಹುದುಗಿಹೋಗಿದೆ. ಕೆಂಪಗೆ ಕಾದ ಕುಲುಮೆಯ ಒಳಗಿನ ಉಷ್ಣಾಂಶವನ್ನು ಅಳೆಯುವುದು ಹೇಗೆ ಎಂಬುದೇ ಆ ಪ್ರಶ್ನೆ.

ಪ್ರಿನ್ಸೆಪ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1799ರ ಆಗಸ್ಟ್ 20ರಂದು. ತಂದೆ ಜಾನ್ ಪ್ರಿನ್ಸೆಪ್ 1771ರಲ್ಲಿ ಬರಿಗೈಯಲ್ಲಿ ಬಂಗಾಳಕ್ಕೆ ಬಂದು ನೀಲಿ ಬೆಳೆಯ ವ್ಯಾಪಾರದಲ್ಲಿ ಹಣ ಮಾಡಿದವನು. ಕಂಪನಿ ಸರ್ಕಾರಕ್ಕೆ ತಾಮ್ರದ ನಾಣ್ಯ ಟಂಕಿಸಿಕೊಡುವ ಗುತ್ತಿಗೆಯನ್ನೂ ಹಿಡಿದಿದ್ದನು. ಮಕ್ಕಳ ಸಂಖ್ಯೆ ದೊಡ್ಡದು, ಸಿರಿ ಮಾತ್ರ ಕೊನೆಯವರೆಗೆ ನಿಲ್ಲಲಿಲ್ಲ. ಜೇಮ್ಸ್ ಏಳನೆಯ ಮಗ. ಬಾಲ್ಯದಿಂದಲೂ ಕೈಕೆಲಸದಲ್ಲಿ ಅಸಾಧಾರಣ ಚಳಕವಿದ್ದ ಹುಡುಗನನ್ನು ವಾಸ್ತುಶಿಲ್ಪ ಕಲಿಯಲು ಅಗಸ್ಟಸ್ ಪ್ಯೂಜಿನ್ ಬಳಿಗೆ ಕಳುಹಿಸಲಾಯಿತು. ಸೂಕ್ಷ್ಮ ರೇಖಾಚಿತ್ರಗಳ ಮೇಲೆ ಬಾಗಿ ಬಾಗಿ ಕಣ್ಣು ಕೆಟ್ಟಿತು. ವಾಸ್ತುಶಿಲ್ಪ ಕೈತಪ್ಪಿತು. ಕಣ್ಣು ಸುಧಾರಿಸಿದ ಮೇಲೆ ತಂದೆ ಹುಡುಕಿದ್ದು ಭಾರತದ ಟಂಕಸಾಲೆಯಲ್ಲಿ ಒಂದು ಹುದ್ದೆ. ಲಂಡನ್ನಿನ ರಾಯಲ್ ಮಿಂಟ್‌ನಲ್ಲಿ ರಾಬರ್ಟ್ ಬಿಂಗ್ಲೆಯ ಕೈಕೆಳಗೆ ಲೋಹಪರೀಕ್ಷೆಯ ತರಬೇತಿ ಪಡೆದ ಯುವಕ 1819ರ ಸೆಪ್ಟೆಂಬರಿನಲ್ಲಿ ಅಣ್ಣ ಹೆನ್ರಿ ಥೋಬಿಯೊಡನೆ ಕಲ್ಕತ್ತೆಯಲ್ಲಿ ಬಂದಿಳಿದನು. ಆಗ ಅವನಿಗೆ 20 ವರ್ಷ.

ಕಲ್ಕತ್ತೆಯ ಟಂಕಸಾಲೆಯ ಅಸ್ಸೇ ಮಾಸ್ಟರ್ ಆಗಿದ್ದವನು ಹೊರೇಸ್ ಹೇಮನ್ ವಿಲ್ಸನ್. ಮುಂದೆ ಆಕ್ಸ್‌ಫರ್ಡಿನ ಮೊದಲ ಸಂಸ್ಕೃತ ಪ್ರಾಧ್ಯಾಪಕನಾದ ಅದೇ ವಿಲ್ಸನ್. ಲೋಹ ಕರಗಿಸುವ ಮನೆಯಿಂದ ಸಂಸ್ಕೃತಕ್ಕೂ ಶಾಸನಕ್ಕೂ ದಾರಿಯಿತ್ತೆಂಬುದು ಇಂದಿಗೆ ಸೋಜಿಗವೆನಿಸಬಹುದು. ಅಂದಿನ ಕಂಪನಿ ಅಧಿಕಾರಿಗಳಲ್ಲಿ ಅದು ಅಷ್ಟೇನೂ ಅಪರೂಪವಲ್ಲ. ಮರುವರ್ಷವೇ, ಅಂದರೆ 1820ರಲ್ಲಿ, ಪ್ರಿನ್ಸೆಪ್ ಬನಾರಸಿನ ಟಂಕಸಾಲೆಗೆ ಅಸ್ಸೇ ಮಾಸ್ಟರ್ ಆಗಿ ನೇಮಕಗೊಂಡನು. ಮುಂದಿನ 10 ವರ್ಷ ಕಾಶಿಯೇ ಅವನ ಊರು.

ಆ ಕೆಲಸದ ಸ್ವರೂಪವನ್ನು ತುಸು ವಿವರಿಸಬೇಕು. ನಾಣ್ಯದ ಬೆಳ್ಳಿ ಎಷ್ಟು ಶುದ್ಧ ಎಂದು ತಿಳಿಯಲು ಅದರ ಚೂರೊಂದನ್ನು ಕರಾರುವಾಕ್ಕಾಗಿ ತೂಗಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಡುತ್ತಾರೆ. ಕುಲುಮೆಯೊಳಗೆ ಕಮಾನಿನಾಕಾರದ ಒಂದು ಮಣ್ಣಿನ ಗೂಡು. ಇದ್ದಿಲು ಸುತ್ತಲೂ ಉರಿಯುತ್ತದೆ, ಗೂಡಿನ ಒಳಗೆ ಗಾಳಿ ಮಾತ್ರ ಆಡುತ್ತದೆ. ಬಟ್ಟಲುಗಳು ಈ ಗೂಡಿನಲ್ಲಿ ಕೂರುತ್ತವೆ. ಸೀಸ ಕರಗಿ, ಗಾಳಿಯೊಡನೆ ಬೆರೆತು ಭಸ್ಮವಾಗಿ, ತಾಮ್ರದ ಬೆರಕೆಯನ್ನೂ ಕೂಡಿಸಿಕೊಂಡು ಬೂದಿಯ ಬಟ್ಟಲಿಗೆ ಇಂಗುತ್ತದೆ. ಕೊನೆಗೆ ಬಟ್ಟಲಿನಲ್ಲಿ ಒಂದು ಬೆಳ್ಳಿಯ ಗುಂಡು ಮಿನುಗಿ ನಿಲ್ಲುತ್ತದೆ. ಅದನ್ನು ಮತ್ತೆ ತೂಗಿದರೆ ಲೆಕ್ಕ ಸಿಕ್ಕಿತು. ಪುಟಕ್ಕಿಟ್ಟ ಚಿನ್ನ ಎಂಬ ನಮ್ಮ ಮಾತಿನ ಹಿಂದಿರುವುದೂ ಇಂಥದೇ ಅಗ್ನಿಪರೀಕ್ಷೆ.

ಕೇಳಲು ಸರಳ. ತೊಡಕು ಇರುವುದು ಕಾವಿನಲ್ಲಿ. ಗೂಡು ಹೆಚ್ಚು ಕಾದರೆ ಬೆಳ್ಳಿಯ ಅಂಶವೂ ಸೀಸದ ಜೊತೆ ಬಟ್ಟಲಿಗೆ ಇಂಗುತ್ತದೆ, ಕೊಂಚ ಆವಿಯಾಗಿಯೂ ಹೋಗುತ್ತದೆ. ಒಳ್ಳೆಯ ನಾಣ್ಯ ಕಳಪೆಯೆಂದು ತೀರ್ಮಾನವಾಗುತ್ತದೆ. ಕಾವು ಕಡಿಮೆಯಾದರೆ ಸೀಸ ನಡುವೆಯೇ ಹೆಪ್ಪುಗಟ್ಟಿ, ಉಳಿದ ಗುಂಡಿನಲ್ಲಿ ಬೆರಕೆ ನಿಂತುಬಿಡುತ್ತದೆ. ಒಂದೇ ಗೂಡಿನ ಬಾಗಿಲ ಬಳಿಯ ಬಟ್ಟಲಿಗೂ ಹಿಂದಿನ ಗೋಡೆಯ ಬಳಿಯ ಬಟ್ಟಲಿಗೂ ಕಾವಿನಲ್ಲಿ ಅಂತರವಿರುತ್ತದೆ. ಸಾವಿರಕ್ಕೆ ಒಂದೆರಡು ಪಾಲಿನ ತಪ್ಪು ಒಂದು ರೂಪಾಯಿಯಲ್ಲಿ ಯಾರ ಕಣ್ಣಿಗೂ ಬೀಳದು. ಲಕ್ಷಾಂತರ ರೂಪಾಯಿ ಟಂಕಿಸುವ ಸಾಲೆಯಲ್ಲಿ ಅದು ಸರಫರ ನಷ್ಟವೋ ಸರ್ಕಾರದ ನಷ್ಟವೋ ಆಗಿ ನಿಲ್ಲುತ್ತದೆ. ನಾಣ್ಯದ ಮೇಲಿನ ನಂಬಿಕೆ ನಿಂತಿದ್ದುದೇ ಈ ಗೂಡಿನ ಹದದ ಮೇಲೆ.

ಹದವನ್ನು ತಿಳಿಯುವ ಬಗೆಯಾದರೂ ಏನಿತ್ತು? ಕಣ್ಣು. ಕಮ್ಮಾರ ಕಬ್ಬಿಣದ ಬಣ್ಣ ನೋಡಿ ಸುತ್ತಿಗೆ ಎತ್ತುತ್ತಾನೆ, ಅಕ್ಕಸಾಲಿಗ ಮೂಸೆಯೊಳಗೆ ಇಣುಕಿ ತಿದಿ ನಿಲ್ಲಿಸುತ್ತಾನೆ. ತಲೆಮಾರುಗಳ ಅನುಭವ ಅದು, ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಬಿಸಿಲಿನಲ್ಲಿ ಮಂಕಾಗಿ ಕಾಣುವ ಕೆಂಪು ಕತ್ತಲ ಕೋಣೆಯಲ್ಲಿ ಝಗಝಗಿಸುತ್ತದೆ. ಒಬ್ಬನ ಕಿತ್ತಳೆ ಇನ್ನೊಬ್ಬನಿಗೆ ಹಳದಿ. ಕಾಶಿಯವನು ಕಂಡ ಕೆಂಪನ್ನು ಕಲ್ಕತ್ತೆಯವನಿಗೆ ಪತ್ರದಲ್ಲಿ ಬರೆದು ತಿಳಿಸುವುದು ಸಾಧ್ಯವೇ ಇಲ್ಲ. ಪಾದರಸದ ಉಷ್ಣಮಾಪಕ ಈ ಕಾವಿನ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಪಾದರಸ ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದುಹೋಗುತ್ತದೆ.

ಯೂರೋಪಿನಲ್ಲಿ ಅದಾಗಲೇ ಪ್ರಯತ್ನಗಳು ನಡೆದಿದ್ದವು. ಪಿಂಗಾಣಿಯ ಸಾಮ್ರಾಟನೆನಿಸಿದ್ದ ಜೊಸಾಯ ವೆಜ್‌ವುಡ್ 1782ರಲ್ಲಿ ಜೇಡಿಮಣ್ಣಿನ ಸಣ್ಣ ತುಂಡುಗಳನ್ನು ಆವಿಗೆಯಲ್ಲಿಟ್ಟು, ಅವು ಎಷ್ಟು ಕುಗ್ಗುತ್ತವೆಂಬುದರಿಂದ ಕಾವನ್ನು ಅಳೆಯುವ ಉಪಾಯ ಹೂಡಿದ್ದನು. ತನ್ನ ಆವಿಗೆಗಳ ಮಟ್ಟಿಗೆ ಅದು ಉಪಯುಕ್ತ ಸಾಧನವೇ. ಆದರೆ ತನ್ನ ಮಾಪಕದ ಒಂದೊಂದು ಅಂಶವೂ 130 ಫ್ಯಾರನ್‌ಹೀಟ್ ಡಿಗ್ರಿಗೆ ಸಮವೆಂದು ಆತ ಲೆಕ್ಕ ಹಾಕಿದಾಗ ಅನರ್ಥವಾಯಿತು. ಆ ಲೆಕ್ಕದಂತೆ ಬೆಳ್ಳಿ ಕರಗುವುದು 4717 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಸಾಧಾರಣ ಕಮ್ಮಾರನ ಕುಲುಮೆಯ ಗರಿಷ್ಠ ಕಾವು 17,327 ಡಿಗ್ರಿ! ಸೂರ್ಯನ ಮೇಲ್ಮೈ ಕೂಡ ಸುಮಾರು 10 ಸಾವಿರ ಡಿಗ್ರಿ ಫ್ಯಾರನ್‌ಹೀಟಿನಷ್ಟೇ ಬಿಸಿಯೆಂದು ಈಗ ನಮಗೆ ಗೊತ್ತು. ಮಣ್ಣು ಕಾವಿಗೆ ತಕ್ಕಂತೆ ಸಮಪ್ರಮಾಣದಲ್ಲಿ ಕುಗ್ಗುವುದಿಲ್ಲ. ಎಷ್ಟು ಹೊತ್ತು ಬೆಂದಿತು ಎಂಬುದೂ ಅದರ ಕುಗ್ಗುವಿಕೆಯನ್ನು ನಿರ್ಧರಿಸುತ್ತದೆ. ಫ್ರಾನ್ಸಿನ ಗೀಟನ್ ದ ಮೋರ್ವೊ, ಇಂಗ್ಲೆಂಡಿನ ಡೇನಿಯಲ್ ಮೊದಲಾದವರು ಪ್ಲಾಟಿನಂ ಕಂಬಿ ಹಿಗ್ಗುವುದನ್ನು ಅಳೆದು ವೆಜ್‌ವುಡ್‌ನ ಅಂಕಿಗಳು ಉತ್ಪ್ರೇಕ್ಷೆಯೆಂದು ತೋರಿಸಿದರು. ಆದರೂ ಅವರವರ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

ಪ್ರಿನ್ಸೆಪ್ ಈ ಸಮಸ್ಯೆಯನ್ನು ನೋಡಿದ್ದು ಟಂಕಸಾಲೆಯವನ ಕಣ್ಣಿನಿಂದ. ಶುದ್ಧ ಬೆಳ್ಳಿ ಎಲ್ಲಿಯೇ ಆಗಲಿ, ಯಾವ ಕುಲುಮೆಯಲ್ಲೇ ಆಗಲಿ, ಒಂದೇ ಕಾವಿನಲ್ಲಿ ಕರಗುತ್ತದೆ. ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಕಾವು ಬೇಕು, ಪ್ಲಾಟಿನಂಗೆ ಇನ್ನೂ ಬಹಳ ಹೆಚ್ಚು. ಈ ಮೂರು ಸ್ಥಿರ ಮೆಟ್ಟಿಲುಗಳ ನಡುವೆ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಕಟ್ಟಿದರೆ? ಬೆಳ್ಳಿಗೆ ನೂರಕ್ಕೆ 10ರಂತೆ ಚಿನ್ನ ಸೇರಿಸುತ್ತಾ ಹೋಗಿ ಶುದ್ಧ ಚಿನ್ನವನ್ನು ಮುಟ್ಟುವುದು. ಅಲ್ಲಿಂದ ಮುಂದೆ ಚಿನ್ನಕ್ಕೆ ನೂರಕ್ಕೆ ಒಂದರಂತೆ ಪ್ಲಾಟಿನಂ ಸೇರಿಸುತ್ತಾ ಮೇಲೇರುವುದು. ಒಂದೊಂದು ಮಿಶ್ರಲೋಹವೂ ಒಂದೊಂದು ಗುರುತು. ತೂಕ ಮಾಡಿ ಲೋಹ ಬೆರೆಸುವುದು ಅವನ ದಿನನಿತ್ಯದ ಕಸುಬೇ ಆಗಿದ್ದುದರಿಂದ ಈ ಸರಣಿಯನ್ನು ಸಿದ್ಧಪಡಿಸಲು ಹೊಸ ಯಂತ್ರವೇನೂ ಬೇಕಾಗಲಿಲ್ಲ.

ಬಳಕೆಯ ಕ್ರಮ ಇನ್ನೂ ಸುಲಭ. ಎಂಟು ಹತ್ತು ಪುಟ್ಟ ಗುಳಿಗಳಿರುವ ಒಂದು ಚಿಕ್ಕ ಬಟ್ಟಲು. ಒಂದೊಂದು ಗುಳಿಯಲ್ಲಿ ಗುಂಡುಸೂಜಿಯ ತಲೆಯಷ್ಟು, ಚಪ್ಪಟೆಯಾಗಿ ತಟ್ಟಿದ ಮಿಶ್ರಲೋಹದ ಚೂರು. ಯಾವ ಜಾಗದ ಕಾವು ಬೇಕೋ ಅಲ್ಲಿಗೇ ಬಟ್ಟಲನ್ನು ತಳ್ಳಿ, ಆಮೇಲೆ ಹೊರತೆಗೆದು ನೋಡುವುದು. ಕೆಲವು ಚೂರುಗಳು ಕರಗಿ ಗುಂಡಾಗಿರುತ್ತವೆ, ಕೆಲವು ಚಪ್ಪಟೆಯಾಗಿಯೇ ಉಳಿದಿರುತ್ತವೆ. ಗುಂಡಾದ ಕೊನೆಯದಕ್ಕೂ ಚಪ್ಪಟೆಯಾಗಿ ಉಳಿದ ಮೊದಲನೆಯದಕ್ಕೂ ನಡುವೆ ಕುಲುಮೆಯ ಕಾವು. ಚಿನ್ನ, ಬೆಳ್ಳಿ, ಪ್ಲಾಟಿನಂ ಮೂರೂ ಬೆಂಕಿಯಲ್ಲಿ ತುಕ್ಕು ಹಿಡಿಯದ ಲೋಹಗಳಾದ್ದರಿಂದ ಕರಗಿದ ಗುಂಡನ್ನು ಸುತ್ತಿಗೆಯಿಂದ ಮತ್ತೆ ಚಪ್ಪಟೆ ಮಾಡಿದರೆ ಮುಂದಿನ ಪ್ರಯೋಗಕ್ಕೆ ಸಿದ್ಧ. ಬರೆದಿಡಲು ಲೋಹದ ಹೆಸರಿನ ಎರಡು ಅಕ್ಷರ, ನಡುವೆ ಬೆರಕೆಯ ಪ್ರಮಾಣದ ಅಂಕಿ. ಪತ್ರದಲ್ಲಿ ಕಳುಹಿಸಬಹುದಾದ ಕಾವು ಕೊನೆಗೂ ದೊರಕಿತು. ವಿಚಾರದ ಸೊಗಸು ಇರುವುದು ಇಲ್ಲಿಯೇ ಎಂದು ಈ ಲೇಖಕನಿಗೆ ತೋರುತ್ತದೆ. ಕಾವನ್ನು ಡಿಗ್ರಿಯಲ್ಲಿ ಹೇಳುವ ಹಟ ಬಿಟ್ಟು, ಯಾರು ಬೇಕಾದರೂ ತಮ್ಮಲ್ಲೇ ಪುನಃ ಉಂಟುಮಾಡಿಕೊಳ್ಳಬಹುದಾದ ಗುರುತುಗಳಲ್ಲಿ ಹೇಳಿದನು ಆತ.

ಹಾಗೆಂದು ಡಿಗ್ರಿಯ ಪ್ರಶ್ನೆಯನ್ನು ಕೈಬಿಡಲೂ ಇಲ್ಲ. ಅದಕ್ಕಾಗಿ ಮಾಡಿಸಿದ್ದು ಸುಮಾರು 10 ಘನ ಅಂಗುಲ ಗಾಳಿ ಹಿಡಿಯುವ ಅಪ್ಪಟ ಚಿನ್ನದ ಬುರುಡೆ. ಕಾದಾಗ ಅದರೊಳಗಿನ ಗಾಳಿ ಹಿಗ್ಗಿ ಹೊರಗಿನ ಪಾತ್ರೆಯಲ್ಲಿದ್ದ ಎಣ್ಣೆಯನ್ನು ತಳ್ಳುತ್ತದೆ. ಹೊರಬಿದ್ದ ಎಣ್ಣೆಯನ್ನು ತೂಗಿದರೆ ಗಾಳಿ ಎಷ್ಟು ಹಿಗ್ಗಿತೆಂದು ತಿಳಿಯುತ್ತದೆ, ಅದರಿಂದ ಉಷ್ಣಾಂಶ. ಮಣ್ಣಿನ ಕುಗ್ಗುವಿಕೆಗೂ ಲೋಹದ ಹಿಗ್ಗುವಿಕೆಗೂ ಇಲ್ಲದ ಕ್ರಮಬದ್ಧತೆ ಗಾಳಿಗಿದೆ ಎಂಬುದು ಈ ಏರ್ಪಾಟಿನ ಆಧಾರ. ಬುರುಡೆಗೆ ಚಿನ್ನವೇ ಏಕೆ? ಕಬ್ಬಿಣವಾದರೆ ಒಳಗಿನ ಗಾಳಿಯ ಆಮ್ಲಜನಕವನ್ನೇ ನುಂಗಿ ಲೆಕ್ಕ ಕೆಡಿಸುತ್ತದೆ. ಚಿನ್ನ ನುಂಗುವುದಿಲ್ಲ. ದುಬಾರಿ ಎಂಬುದೊಂದೇ ದೋಷ, ತಾನೇ ಕರಗುವ ಕಾವಿನಿಂದಾಚೆಗೆ ಬಾರದು ಎಂಬುದು ಇನ್ನೊಂದು. ಈ ಬುರುಡೆಯಿಂದ ಬೆಳ್ಳಿ ಕರಗುವ ಕಾವು 1830 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 999 ಡಿಗ್ರಿ ಸೆಲ್ಸಿಯಸ್ ಎಂದು ಬಂದಿತು. ಇಂದಿನ ಅಂಗೀಕೃತ ಬೆಲೆ 961.78 ಡಿಗ್ರಿ ಸೆಲ್ಸಿಯಸ್. ವೆಜ್‌ವುಡ್‌ನ 4717 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಸುಮಾರು 2600 ಡಿಗ್ರಿ ಸೆಲ್ಸಿಯಸ್. ಸಾವಿರದ ಆರುನೂರು ಡಿಗ್ರಿಯ ತಪ್ಪಿನಿಂದ 37 ಡಿಗ್ರಿಯ ತಪ್ಪಿಗೆ ಇಳಿದದ್ದು ಲಂಡನ್ನಿನಲ್ಲೂ ಅಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ, ಗಂಗೆಯ ದಂಡೆಯ ಒಂದು ಟಂಕಸಾಲೆಯಲ್ಲಿ. ಈ ಪ್ರಬಂಧ 1828ರಲ್ಲಿ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅಚ್ಚಾಯಿತು. ಅದೇ ವರ್ಷ ಪ್ರಿನ್ಸೆಪ್ ಆ ಸೊಸೈಟಿಯ ಫೆಲೋ ಆದನು.

ದೋಷಗಳಿರಲಿಲ್ಲವೆಂದಲ್ಲ. ಮಿಶ್ರಲೋಹ ಶುದ್ಧ ಲೋಹದಂತೆ ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ. ಮೆತ್ತಗಾಗತೊಡಗುವ ಕಾವು ಒಂದು, ಪೂರ್ತಿ ನೀರಾಗುವ ಕಾವು ಇನ್ನೊಂದು. ಚಿನ್ನ-ಪ್ಲಾಟಿನಂ ಬೆರಕೆಯಲ್ಲಿ ಈ ಅಂತರ ಬಹಳ ದೊಡ್ಡದು. ಹೀಗಾಗಿ ಏಣಿಯ ಮೇಲಿನ ಮೆಟ್ಟಿಲುಗಳು ಸಮಾನ ಎತ್ತರದವಲ್ಲ, ನಿಖರವೂ ಅಲ್ಲ. ಆದರೂ ಅರ್ಧ ಶತಮಾನದ ತರುವಾಯ, 1879ರಲ್ಲಿ, ಜರ್ಮನಿಯ ಎರ್ಹಾರ್ಡ್ ಮತ್ತು ಷೆರ್ಟೆಲ್ ಪ್ರಿನ್ಸೆಪ್‌ನ ಮಿಶ್ರಲೋಹಗಳ ದ್ರವಬಿಂದುಗಳನ್ನು ಹೊಸದಾಗಿ ಅಳೆಯುವ ಕೆಲಸಕ್ಕೆ ಕೈಹಾಕಿದರೆಂದರೆ ಅವು ಇನ್ನೂ ಬಳಕೆಯಲ್ಲಿದ್ದವೆಂದೇ ಅರ್ಥ. ಆಮೇಲೆ 1880ರ ದಶಕದಲ್ಲಿ ಫ್ರಾನ್ಸಿನ ಲ ಷಾಟೆಲಿಯೆ ಪ್ಲಾಟಿನಂ ಮತ್ತು ಪ್ಲಾಟಿನಂ-ರೋಡಿಯಂ ತಂತಿಗಳ ಜೋಡಿಯನ್ನು, ಅಂದರೆ ಥರ್ಮೋಕಪಲನ್ನು, ಕುಲುಮೆಗೆ ತಕ್ಕ ಸಾಧನವಾಗಿಸಿದನು. ಬಟ್ಟಲು ಹೊರತೆಗೆದು ನೋಡುವ ಕಾಲ ಮುಗಿಯಿತು.

ನಿಜಕ್ಕೂ ಮುಗಿಯಿತೇ? ಇಂದು ಮನೆಯ ಹಿತ್ತಲಲ್ಲಿ ಅನಿಲ ಸಿಲಿಂಡರು, ಸೆರಾಮಿಕ್ ಉಣ್ಣೆಯ ಹೊದಿಕೆ, ಒಂದು ಬರ್ನರ್ ಜೋಡಿಸಿಕೊಂಡು ಚಾಕು ಕತ್ತಿ ಬಡಿಯುವ ಹವ್ಯಾಸಿಗಳು ದೇಶವಿದೇಶಗಳಲ್ಲಿದ್ದಾರೆ. ಅವರ ಕುಲುಮೆಯಲ್ಲಿ ಸಾಮಾನ್ಯವಾಗಿ ಇರುವುದು ಕೆ ಮಾದರಿಯ ಥರ್ಮೋಕಪಲ್, ಹೊರಗೊಂದು ಅಂಕಿ ತೋರುವ ಪೆಟ್ಟಿಗೆ. ಸುಮಾರು 1250 ಡಿಗ್ರಿ ಸೆಲ್ಸಿಯಸ್ ಅದರ ಮಿತಿ. ಉಕ್ಕಿಗೆ ಉಕ್ಕನ್ನು ಬೆಸೆಯುವ ಕಾವೂ ಹೆಚ್ಚುಕಡಿಮೆ ಅಲ್ಲಿಯೇ ಇದೆ. ಸಾಲದ್ದಕ್ಕೆ ಆ ಕಡ್ಡಿ ತೋರಿಸುವುದು ತನ್ನ ತುದಿಯ ಕಾವನ್ನು, ಉಕ್ಕಿನ ಕಾವನ್ನಲ್ಲ. ಜ್ವಾಲೆ ನೇರವಾಗಿ ತಗುಲಿದರೆ ಒಂದು ಅಂಕಿ, ಬಾಗಿಲ ಬಳಿ ಇನ್ನೊಂದು. ಹೀಗಾಗಿ ಅನುಭವಿಗಳು ಪೆಟ್ಟಿಗೆಯ ಅಂಕಿಯನ್ನು ಬೇರೆ ಗುರುತುಗಳೊಡನೆ ತಾಳೆ ನೋಡುತ್ತಾರೆ. ಅಡುಗೆ ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ; ಕಬ್ಬಿಣ 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಳೆಯಬೇಕಾದ ವಸ್ತುವಿನ ಪಕ್ಕದಲ್ಲೇ, ಕಾವು ಗೊತ್ತಿರುವ ಇನ್ನೊಂದು ವಸ್ತುವನ್ನಿಟ್ಟು ನೋಡುವ ಈ ಉಪಾಯ ಪ್ರಿನ್ಸೆಪ್‌ನ ಗುಳಿಬಟ್ಟಲಿನದೇ.

ಕಾಶಿಯ ಆ 10 ವರ್ಷಗಳಲ್ಲಿ ಆತ ಕುಲುಮೆಗೆ ಮಾತ್ರ ಅಂಟಿಕೊಂಡಿರಲಿಲ್ಲ. ನಗರದ ನಕ್ಷೆ ತಯಾರಿಸಿದನು, ಜನಗಣತಿ ನಡೆಸಿದನು, ಹವಾಮಾನದ ದಾಖಲೆ ಇಟ್ಟನು. ಕರ್ಮನಾಶಾ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದನು. ಕೊಳೆತು ನಾರುತ್ತಿದ್ದ ಕೆರೆಗಳ ನೀರನ್ನು ಗಂಗೆಗೆ ಹರಿಸಲು ಕಿಕ್ಕಿರಿದ ನಗರದ ತಳದಲ್ಲಿ ಸುರಂಗ ತೋಡಿಸಿದನು. ಔರಂಗಜೇಬನ ಮಸೀದಿಯ ಶಿಥಿಲಗೊಂಡ ಮಿನಾರುಗಳ ದುರಸ್ತಿಯೂ ಅವನದೇ. ಕೈತಪ್ಪಿದ್ದ ವಾಸ್ತುಶಿಲ್ಪ ಹೀಗೆ ಮರಳಿ ಬಂದಿತು. ಘಾಟುಗಳ, ಗಲ್ಲಿಗಳ ಚಿತ್ರ ಬರೆದು ಪ್ರಕಟಿಸಿದ ಸಂಪುಟ ಇಂದಿಗೂ ಅಂದಿನ ಕಾಶಿಯನ್ನು ಕಾಣಲು ನಮಗಿರುವ ಒಳ್ಳೆಯ ಕಿಟಕಿ.

ಬನಾರಸಿನ ಟಂಕಸಾಲೆ 1830ರಲ್ಲಿ ಮುಚ್ಚಿತು. ಕಲ್ಕತ್ತೆಗೆ ಮರಳಿದ ಪ್ರಿನ್ಸೆಪ್, 1832ರಲ್ಲಿ ವಿಲ್ಸನ್ ತೆರವುಗೊಳಿಸಿದ ಸ್ಥಾನಕ್ಕೆ ಬಂದನು. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯೂ ಅದರ ಪತ್ರಿಕೆಯ ಸಂಪಾದಕನೂ ಆದನು. ಸುಮಾರು 0.19 ಮಿಲಿಗ್ರಾಂ ವ್ಯತ್ಯಾಸವನ್ನು ತೋರುವ ತಕ್ಕಡಿಯೊಂದನ್ನು ಕಲ್ಕತ್ತೆಯಲ್ಲೇ ರೂಪಿಸಿದನು. ಸಿಕ್ಕಾ ರೂಪಾಯಿ, ಫರೂಕಾಬಾದಿ ರೂಪಾಯಿ, ಮದರಾಸಿನದು, ಮುಂಬಯಿಯದು ಎಂದು ಪ್ರಾಂತಕ್ಕೊಂದು ನಾಣ್ಯವಿದ್ದ ಗೊಂದಲ ಕೊನೆಗೊಂಡು 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ರೂಪಾಯಿ ಬಂದಿತು. ತೂಕ 180 ಗ್ರೇನ್, ಅದರಲ್ಲಿ 165 ಗ್ರೇನ್ ಅಪ್ಪಟ ಬೆಳ್ಳಿ. ಈ ಸುಧಾರಣೆಗೆ ದುಡಿದವರಲ್ಲಿ ಪ್ರಿನ್ಸೆಪ್ ಪ್ರಮುಖ. ನಮ್ಮ ಚಿನಿವಾರ ಪೇಟೆಗಳಲ್ಲಿ ಹಿರಿಯರು ಈಗಲೂ ಬಾಯಿಮಾತಿಗೆ ಹೇಳುವ 11.66 ಗ್ರಾಂನ ತೊಲ ಇದೇ 180 ಗ್ರೇನ್‌ನದು.

ಟಂಕಸಾಲೆಗೆ ಹಳೆಯ ನಾಣ್ಯಗಳು ಬರುತ್ತಿದ್ದವು. ಕರಗಿಸುವ ಮುನ್ನ ಅವುಗಳ ಮೇಲಿನ ಅಕ್ಷರಗಳನ್ನು ನೋಡುವ ಚಪಲ ಹುಟ್ಟಿದ್ದು ಸಹಜ. ಗ್ರೀಕ್ ಅಕ್ಷರಗಳ ಜೊತೆ ಅಪರಿಚಿತ ಲಿಪಿಯಿದ್ದ ನಾಣ್ಯಗಳು ಖರೋಷ್ಠಿಯ ಬೀಗಕ್ಕೆ ಕೀಲಿಕೈ ಒದಗಿಸಿದವು. ದೆಹಲಿ, ಅಲಹಾಬಾದ್ ಸ್ತಂಭಗಳ ಲಿಪಿಯ ವಿಷಯದಲ್ಲಿ ಆತ ಅನುಸರಿಸಿದ ಕ್ರಮವೂ ಲೋಹಪರೀಕ್ಷಕನದೇ ಎನ್ನಬಹುದು: ಊಹೆಗೆ ಮೊದಲು ಎಣಿಕೆ. ಯಾವ ಅಕ್ಷರ ಎಷ್ಟು ಬಾರಿ, ಯಾವ ಸ್ವರಚಿಹ್ನೆಯೊಡನೆ ಬರುತ್ತದೆಂದು ಪಟ್ಟಿ ಮಾಡಿದನು. ಸಾಂಚಿಯ ಕಟಾಂಜನದ ಮೇಲಿನ ಚುಟುಕು ಬರಹಗಳ ಪ್ರತಿಗಳು 1837ರಲ್ಲಿ ಕೈಸೇರಿದಾಗ, ಬಹುತೇಕ ಎಲ್ಲವೂ ಒಂದೇ ಎರಡು ಅಕ್ಷರಗಳಲ್ಲಿ ಮುಗಿಯುವುದು ಕಂಡಿತು. ಭಕ್ತರು ಕೊಟ್ಟ ದಾನದ ಬರಹಗಳಿರಬೇಕು, ಆ ಕೊನೆಯ ಪದ ದಾನವೇ ಇರಬೇಕು ಎಂಬ ಹೊಳಹಿನಿಂದ ದ ಮತ್ತು ನ ಅಕ್ಷರಗಳು ಸಿಕ್ಕವು. ಉಳಿದವು ಹಿಂಬಾಲಿಸಿದವು. ದೇವಾನಾಂಪ್ರಿಯನೆಂದು ಕರೆದುಕೊಂಡ ಅರಸು ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ನೆರವಿನಿಂದ ಗುರುತಿಸಿದವನು ಜಾರ್ಜ್ ಟರ್ನರ್.

ಕನ್ನಡ ನಾಡು ಈ ಓದಿಗೆ ಋಣಿ. ಬಿ.ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡಾಗ ಅವುಗಳನ್ನು ಓದುವ ವಿದ್ಯೆ ಸಿದ್ಧವಾಗಿಯೇ ಇತ್ತು. ಬ್ರಹ್ಮಗಿರಿಯ ಬರಹವನ್ನು ಕೊರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡೂ ಲಿಪಿಗಳ ಓದು ಪ್ರಿನ್ಸೆಪ್‌ಗೆ ಸಲ್ಲುತ್ತದೆ. ಅರಸನನ್ನು ಅಶೋಕ ಎಂಬ ಹೆಸರಿನಿಂದಲೇ ಕರೆಯುವ ಮಸ್ಕಿಯ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವನು, ವಿಚಿತ್ರವೆಂಬಂತೆ, ಒಬ್ಬ ಚಿನ್ನದ ಗಣಿಯ ಎಂಜಿನಿಯರ್.

ಅದನ್ನೆಲ್ಲ ನೋಡಲು ಪ್ರಿನ್ಸೆಪ್ ಬದುಕಿರಲಿಲ್ಲ. ಹಗಲು ಟಂಕಸಾಲೆ, ಇರುಳು ಶಾಸನ, ನಡುವೆ ಪತ್ರಿಕೆಯ ಕರಡು. ಮದುವೆಯಾದದ್ದು 1835ರಲ್ಲಿ, ಮಗಳು ಹುಟ್ಟಿದ್ದು 1837ರಲ್ಲಿ. ಮರುವರ್ಷ ತಲೆನೋವು ಕಾಣಿಸಿಕೊಂಡಿತು. ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಮಿದುಳಿನ ರೋಗವೆಂದು ವೈದ್ಯರು ಗುರುತಿಸಿದರು. ತಾನು ಓದಿದ ಲಿಪಿಯ ಅರಿವೂ ಉಳಿಯದ ಸ್ಥಿತಿಯಲ್ಲಿ ತಿಂಗಳುಗಳನ್ನು ಕಳೆದು 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡನು. ವಯಸ್ಸು 40. ಕಲ್ಕತ್ತೆಯ ನಾಗರಿಕರು ಹೂಗ್ಲಿಯ ದಡದಲ್ಲಿ ಅವನ ನೆನಪಿಗೆ ಕಂಬಸಾಲಿನ ಘಾಟ್ ಕಟ್ಟಿಸಿದರು. ನದಿ ಈಗ ಅಲ್ಲಿಂದ ತುಸು ದೂರ ಸರಿದಿದೆ. ಪಕ್ಕದಲ್ಲಿ ವಿದ್ಯಾಸಾಗರ ಸೇತುವೆ ಎದ್ದಿದೆ.

1990ರ ಅಂತಾರಾಷ್ಟ್ರೀಯ ಉಷ್ಣಮಾನದಲ್ಲಿ 961.78 ಡಿಗ್ರಿಯಿಂದ ಮೇಲಿನ ಕಾವನ್ನು ಅಳೆಯಲು ಆಧಾರವಾಗಿ ಬೆಳ್ಳಿ, ಚಿನ್ನ ಅಥವಾ ತಾಮ್ರ ಹೆಪ್ಪುಗಟ್ಟುವ ಬಿಂದುವನ್ನು ತೆಗೆದುಕೊಳ್ಳಬೇಕೆಂದು ಗೊತ್ತುಮಾಡಲಾಗಿದೆ. ಅವುಗಳಲ್ಲಿ ಮೊದಲನೆಯದು ಕಾಶಿಯ ಆ ಸರಣಿಯ ಮೊದಲ ಮೆಟ್ಟಿಲು. ಎರಡನೆಯದು ಬೆಳ್ಳಿಯ ಸಾಲು ಮುಗಿದು ಪ್ಲಾಟಿನಂ ಸಾಲು ಆರಂಭವಾಗುವ ಮೆಟ್ಟಿಲು.